ಸೈಕಲ್ ರಿಪೇರಿ ಸ್ಟ್ಯಾಂಡ್: ಮನೆಗೆ ಯಾವುದು ಸರಿ, ಎಲ್ಲಿ ಹಿಡಿಸಬೇಕು?

ಪ್ರಶ್ನೆ: ಮೈಸೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಮನೆಯಲ್ಲಿ ಮೂರು ಸೈಕಲ್ ಇವೆ. ನನ್ನದು ಡಿಸ್ಕ್ ಬ್ರೇಕಿನ ಹೈಬ್ರಿಡ್, ಅಲ್ಯೂಮಿನಿಯಂ ಫ್ರೇಮ್. ಮಗಳದು 20 ಇಂಚಿನದು. ಊರಿನಿಂದ ತಂದ ಅಪ್ಪನ ಹಳೇ ಕಪ್ಪು ಸೈಕಲ್ ಇನ್ನೊಂದು. ಭಾನುವಾರ ಚಾಮುಂಡಿ ಬೆಟ್ಟ ಹತ್ತುವಾಗ ನನ್ನ ಸೈಕಲ್‌ನ ಗೇರ್ ಟಕಟಕ ಅನ್ನುತ್ತದೆ. ಸಣ್ಣಪುಟ್ಟ ಕೆಲಸ ನಾನೇ ಕಲಿಯಬೇಕು ಅಂತ ಆಸೆ. ಈಗ ಸೈಕಲ್ ತಲೆಕೆಳಗು ಮಾಡಿಕೊಂಡು ಕೂರುತ್ತೇನೆ, ಸೊಂಟ ಹಿಡಿದುಕೊಳ್ಳುತ್ತದೆ. ಸೈಕಲ್ಲನ್ನು ಎತ್ತಿ ಹಿಡಿಯುವ ರಿಪೇರಿ ಸ್ಟ್ಯಾಂಡ್ ತಗೊಂಡರೆ ದುಡ್ಡು ದಂಡವಾ? ಅದರ ಕ್ಲಾಂಪ್, ಅಂದರೆ ಸೈಕಲ್ಲನ್ನು ಕಚ್ಚಿ ಹಿಡಿಯುವ ದವಡೆ, ಹಾಕಿದರೆ ಫ್ರೇಮ್ ಹಾಳಾಗಲ್ವಾ?

ಉತ್ತರ:

ದಂಡ ಆಗುವುದಿಲ್ಲ, ಧೈರ್ಯವಾಗಿ ತಗೊಳ್ಳಿ. ಆದರೆ ಮೂರೂ ಸೈಕಲ್‌ಗೆ ಒಂದೇ ಉತ್ತರ ಇಲ್ಲ. ನಿಮ್ಮ ಹೈಬ್ರಿಡ್‌ಗೆ ಸ್ಟ್ಯಾಂಡ್ ಬೇಕೇ ಬೇಕು. ಮಗಳ ಸೈಕಲ್‌ಗೆ ಇದ್ದರೆ ಒಳ್ಳೆಯದು. ಅಪ್ಪನ ಸೈಕಲ್‌ಗೆ ಬೇಡ, ಅದಕ್ಕೆ ಬೇರೆ ದಾರಿ ಇದೆ.

ಮೊದಲು ತಲೆಕೆಳಗು ಮಾಡುವ ವಿಷಯ. ಪಂಚರ್ ಹಾಕುವುದಕ್ಕೆ, ಚಕ್ರ ಬಿಚ್ಚಿ ಹಾಕುವುದಕ್ಕೆ ಅದರಲ್ಲಿ ತಪ್ಪೇನೂ ಇಲ್ಲ. ದಾರಿಯಲ್ಲಿ ನಾನೂ ಹಾಗೇ ಮಾಡುತ್ತೇನೆ. ತೊಂದರೆ ಶುರುವಾಗುವುದು ಗೇರಿಗೆ ಕೈ ಹಾಕಿದಾಗ. ಹ್ಯಾಂಡಲ್ ನೆಲದಲ್ಲಿರುತ್ತದೆ, ಗೇರ್ ಬದಲಿಸಬೇಕು ಅಂದರೆ ಪ್ರತಿ ಸಲ ಬಗ್ಗಬೇಕು. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಯಾವ ತಿರುಪು ಯಾವ ಕಡೆ ತಿರುಗಿಸಿದೆ ಅನ್ನುವುದೇ ಗಲಿಬಿಲಿ. ಲಿವರ್, ಬೆಲ್ಲು, ಸೀಟು ಎಲ್ಲಕ್ಕೂ ಗೀರು ಬೀಳುತ್ತದೆ. ನಿಮ್ಮ ಡಿಸ್ಕ್ ಬ್ರೇಕ್ ಆಯಿಲ್‌ನದ್ದಾದರೆ ಇನ್ನೊಂದು ತಲೆನೋವು ಇದೆ. ಲಿವರ್ ಪಕ್ಕ ಒಂದು ಪುಟ್ಟ ಆಯಿಲ್ ತೊಟ್ಟಿ ಇರುತ್ತದೆ. ಅದರಲ್ಲಿ ಸ್ವಲ್ಪ ಗಾಳಿ ಸೇರಿಕೊಂಡಿದ್ದರೆ ಅದು ಮೇಲ್ಗಡೆ ನಿಂತಿರುತ್ತದೆ. ಸೈಕಲ್ ತಿರುವಿ ಹಾಕಿದಾಗ ಆ ಗಾಳಿ ಪೈಪಿನೊಳಗೆ ಹೋಗಬಹುದು, ಆಗ ಬ್ರೇಕ್ ಮೆತ್ತಗಾಗುತ್ತದೆ. ಸೈಕಲ್ ನೇರ ಮಾಡಿ ಒಂದಷ್ಟು ಸಲ ಲಿವರ್ ಒತ್ತಿದರೆ ಸಾಮಾನ್ಯವಾಗಿ ಸರಿ ಹೋಗುತ್ತದೆ. ಗಟ್ಟಿಯಾದ ಮೇಲೇ ರಸ್ತೆಗೆ ಇಳಿಯಿರಿ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್ ಆದರೆ ಈ ಚಿಂತೆ ಇಲ್ಲ.

ಸ್ಟ್ಯಾಂಡ್ ಹುಟ್ಟಿದ್ದೇ ಸೊಂಟದ ನೋವಿನಿಂದ. ಅಮೆರಿಕದ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಹೇಜಲ್ ಪಾರ್ಕ್ ಅನ್ನುವ ಸೈಕಲ್ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದ ಹೊವಾರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್ ದಿನಾ ಬಗ್ಗಿ ಕೆಲಸ ಮಾಡಿ ಸಾಕಾಗಿ, ತಾವೇ ಒಂದು ಸ್ಟ್ಯಾಂಡ್ ಮಾಡಿಕೊಂಡರು. 1963ರಲ್ಲಿ ಅದರಿಂದಲೇ ಪಾರ್ಕ್ ಟೂಲ್ ಕಂಪನಿ ಶುರುವಾಯಿತು. ಸೈಕಲ್ ಅಂಗಡಿಗಳಲ್ಲಿ ನೀಲಿ ಹಿಡಿಯ ಸ್ಪ್ಯಾನರ್ ನೋಡಿರುತ್ತೀರಲ್ಲ, ಅದೇ ಕಂಪನಿ. ನಮ್ಮ ಸೈಕಲ್ ಶಾಪ್‌ನವರು ಇದೇ ಕೆಲಸವನ್ನು ಮರದ ಕೊಂಬೆಗೋ ಜಂತಿಗೋ ಹಗ್ಗ ಕಟ್ಟಿ, ಕೊಕ್ಕೆಯಿಂದ ಸೀಟನ್ನು ಎತ್ತಿ ಮಾಡಿಕೊಂಡು ಬಂದಿದ್ದಾರೆ. ಬೇಕಾಗಿದ್ದು ಒಂದೇ: ಹಿಂದಿನ ಚಕ್ರ ನೆಲ ಬಿಟ್ಟಿರಬೇಕು, ಪೆಡಲ್ ತಿರುಗಬೇಕು, ಕೆಲಸದ ಜಾಗ ಕಣ್ಣಿನ ಹತ್ತಿರ ಬರಬೇಕು.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಹಿಂದಿನ ಚಕ್ರಕ್ಕೆ ಹಾಕುವ ಪುಟ್ಟ ಸ್ಟ್ಯಾಂಡ್. ಹಿಂದಿನ ಅಚ್ಚಿನ ಎರಡೂ ಬದಿ ಕಚ್ಚಿಕೊಂಡು ಚಕ್ರವನ್ನು ನಾಲ್ಕೈದು ಬೆರಳು ಎತ್ತಿ ಹಿಡಿಯುತ್ತದೆ. ಸೈಕಲ್ ನಿಲ್ಲಿಸಲು ಚೆನ್ನಾಗಿದೆ. ಚೈನ್‌ಗೆ ಎಣ್ಣೆ ಹಾಕಬಹುದು, ಗೇರ್ ಕೂಡ ನೋಡಬಹುದು. ಆದರೆ ನೀವು ನೆಲದಲ್ಲೇ ಕೂರಬೇಕು. ಸೊಂಟದ ಸಮಸ್ಯೆ ಹಾಗೇ ಉಳಿಯುತ್ತದೆ, ಅಲ್ವಾ? ಇನ್ನೊಂದು ಜಾತಿ ರೇಸ್ ಮೆಕ್ಯಾನಿಕ್‌ಗಳದ್ದು. ಒಂದು ಚಕ್ರ ಬಿಚ್ಚಿ, ಆ ಅಚ್ಚಿನ ಜಾಗವನ್ನು ಸ್ಟ್ಯಾಂಡ್‌ಗೆ ಬಿಗಿದು, ಪೆಡಲ್ ಇರುವ ತಳಭಾಗವನ್ನು ಒಂದು ತೊಟ್ಟಿಲಿನ ಮೇಲೆ ಕೂರಿಸುತ್ತಾರೆ. ಫ್ರೇಮನ್ನು ಎಲ್ಲೂ ಅಮುಕುವುದಿಲ್ಲ. ಕಾರ್ಬನ್ ಸೈಕಲ್ ಇದ್ದವರು, ಸೀಟ್ ಪೋಸ್ಟ್ (ಸೀಟನ್ನು ಹೊತ್ತ ಪೈಪು) ದುಂಡಗಿಲ್ಲದೆ ಚಪ್ಪಟೆ ಇದ್ದವರು ಇದನ್ನೇ ತಗೊಳ್ಳಲಿ. ನಿಮಗೆ ಬೇಡ, ಪ್ರತಿ ಸಲ ಚಕ್ರ ಬಿಚ್ಚುವ ತಾಪತ್ರಯ ಸುಮ್ನೆ ಯಾಕೆ? ಗೋಡೆಗೆ ಬಿಗಿಯುವಂಥದ್ದೂ ಇದೆ. ಸ್ವಂತ ಮನೆ, ಗಟ್ಟಿ ಇಟ್ಟಿಗೆ ಗೋಡೆ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, ಅಲ್ಲಾಡುವುದೇ ಇಲ್ಲ. ಬಾಡಿಗೆ ಮನೆಯಲ್ಲಿ ತೂತು ಕೊರೆಯಲು ಓನರ್ ಒಪ್ಪುವುದು ಕಷ್ಟ. ಟೊಳ್ಳು ಬ್ಲಾಕ್‌ನ ಗೋಡೆಯಾದರೆ ಮಾಮೂಲಿ ಪ್ಲಗ್ ಭಾರಕ್ಕೆ ಕಿತ್ತು ಬರುತ್ತದೆ.

ನಿಮಗೆ ಸರಿಯಾದದ್ದು ಕ್ಲಾಂಪ್ ಇರುವ, ಮಡಚುವ ಸ್ಟ್ಯಾಂಡ್. ಬ್ರ್ಯಾಂಡ್ ಯಾವುದೇ ಇರಲಿ, ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಿ. ಕಂಬವನ್ನು ಪೂರ್ತಿ ಎತ್ತರಿಸಿ, ಕ್ಲಾಂಪ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಸ್ವಲ್ಪ ಬಳುಕುವುದು ಸಹಜ. ಕೀಲಿನ ಜಾಗದಲ್ಲಿ ಕಟಕಟ ಅಂದರೆ ಬೇಡ. ಕಂಬದ ಎತ್ತರ ಹಿಡಿಯುವ ಪಟ್ಟಿ ತೆಳು ಪ್ಲಾಸ್ಟಿಕ್‌ನದ್ದಾದರೆ ಅದೇ ಮೊದಲು ಬಿರುಕು ಬಿಡುತ್ತದೆ. ಕ್ಲಾಂಪ್ ಸುತ್ತಲೂ ತಿರುಗಬೇಕು, ಬೇಕಾದ ಕೋನದಲ್ಲಿ ಜಾರದೆ ನಿಲ್ಲಬೇಕು. ದವಡೆಯ ರಬ್ಬರ್ ಮೆತ್ತಗಿರಬೇಕು, ಅದನ್ನು ಬೇರೆ ಹಾಕಿಸಿಕೊಳ್ಳಲು ಬರಬೇಕು. ಎಷ್ಟು ಕಿಲೋ ಹೊರುತ್ತದೆ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ನಿಮ್ಮ ಸೈಕಲ್‌ನ ತೂಕಕ್ಕಿಂತ ಅದು ತುಂಬಾ ಜಾಸ್ತಿ ಇರಲಿ. ಕೆಲಸ ಮಾಡುವಾಗ ನಾವು ಒತ್ತುತ್ತೇವೆ, ಎಳೆಯುತ್ತೇವೆ, ಆ ಭಾರವೂ ಅದರ ಮೇಲೇ ಬೀಳುತ್ತದೆ.

ಎಲ್ಲರೂ ಎಷ್ಟು ಮೇಲೆ ಹೋಗುತ್ತದೆ ಅಂತ ಕೇಳುತ್ತಾರೆ. ನೀವು ಎಷ್ಟು ಕೆಳಗೆ ಬರುತ್ತದೆ ಅಂತ ಕೇಳಿ. ಸೊಂಟ ನೋವಿದ್ದವರಿಗೆ ತುಂಬಾ ಹೊತ್ತು ನಿಂತು ಮಾಡುವ ಕೆಲಸವೂ ಕಷ್ಟವೇ. ಸ್ಟ್ಯಾಂಡನ್ನು ಇಳಿಸಿ, ಒಂದು ಸ್ಟೂಲ್ ಮೇಲೆ ಕೂತರೆ ಗೇರ್ ನಿಮ್ಮ ಕಣ್ಣಿನ ಮಟ್ಟಕ್ಕೆ ಬರಬೇಕು. ಭಾರದ ಸೈಕಲ್ಲನ್ನು ಜಾಸ್ತಿ ಎತ್ತಬೇಕಾಗಿಯೂ ಇರುವುದಿಲ್ಲ.

ಈಗ ನಿಮ್ಮ ಮುಖ್ಯ ಭಯಕ್ಕೆ ಬರೋಣ. ಕ್ಲಾಂಪಿನಿಂದ ಫ್ರೇಮ್ ಹಾಳಾಗುತ್ತದಾ? ಫ್ರೇಮಿಗೆ ಹಾಕಿದರೆ ಹಾಳಾಗುತ್ತದೆ. ಅದಕ್ಕೇ ಹಾಕಬಾರದು. ಎಷ್ಟೋ ಅಲ್ಯೂಮಿನಿಯಂ ಫ್ರೇಮ್‌ಗಳಲ್ಲಿ ಪೈಪಿನ ಎರಡು ತುದಿ ದಪ್ಪ, ನಡುಭಾಗ ತೆಳು. ಅಲ್ಲಿ ಒಂದು ಮಿಲಿಮೀಟರಿನ ಆಸುಪಾಸು ಇರುತ್ತದೆ ಅಷ್ಟೆ. ಸವಾರಿಯ ಭಾರ ಹೊರಲು ಅದು ಸಾಕು, ಇಕ್ಕಳದ ಹಾಗೆ ಅಮುಕಿದರೆ ತಡೆಯುವುದಿಲ್ಲ. ಹಲವು ವರ್ಷದ ಹಿಂದೆ ಗೆಳೆಯರೊಬ್ಬರ ಸೈಕಲ್ ನನ್ನ ಹತ್ತಿರ ಬಂದಿತ್ತು. ಸೀಟ್ ಪೋಸ್ಟ್ ಮೇಲೆ ಲೈಟು, ಚೀಲ ಎಲ್ಲ ಕಟ್ಟಿದ್ದರು. ಅದನ್ನೆಲ್ಲ ಬಿಚ್ಚುವುದಕ್ಕೆ ಬೇಜಾರಾಗಿ ಮೇಲಿನ ಪೈಪಿಗೇ ಕ್ಲಾಂಪ್ ಹಾಕಿದೆ. ಸೈಕಲ್ ಸ್ವಲ್ಪ ತಿರುಗಿತು. ಇನ್ನರ್ಧ ಸುತ್ತು ಬಿಗಿದೆ. ಟಕ್ ಅಂತ ಸಣ್ಣ ಸದ್ದು. ಕ್ಲಾಂಪ್ ತೆಗೆದು ನೋಡಿದರೆ ಚಪಾತಿ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ ಒಂದು ಗುಳಿ. ಅಲ್ಯೂಮಿನಿಯಂನಲ್ಲಿ ಆದ ಗುಳಿಯನ್ನು ಎತ್ತಿ ಸರಿ ಮಾಡಲು ಬರುವುದಿಲ್ಲ. ಅವರಿಗೆ ಆ ವಿಷಯ ಹೇಳಿದ ಸಂಜೆ ನನಗೆ ಇನ್ನೂ ನೆನಪಿದೆ. ಅದಾದ ಮೇಲೆ ಐದು ನಿಮಿಷ ಹೋದರೂ ಪರವಾಗಿಲ್ಲ ಅಂತ ಸೀಟ್ ಪೋಸ್ಟನ್ನೇ ಖಾಲಿ ಮಾಡಿಕೊಳ್ಳುತ್ತೇನೆ.

ಸೀಟ್ ಪೋಸ್ಟೇ ಯಾಕೆ? ಅದು ದುಂಡಗಿದೆ, ಫ್ರೇಮಿನ ಪೈಪಿಗಿಂತ ದಪ್ಪ ಗೋಡೆಯದು. ಕೆಟ್ಟರೂ ಬೇರೆ ಹಾಕಿಕೊಳ್ಳಬಹುದು. ಹೀಗೆ ಮಾಡಿ. ಈಗಿನ ಸೀಟಿನ ಎತ್ತರಕ್ಕೆ ಸರಿಯಾಗಿ ಪೋಸ್ಟಿನ ಸುತ್ತ ಒಂದು ಸುತ್ತು ಇನ್ಸುಲೇಶನ್ ಟೇಪ್ ಹಾಕಿ. ಕ್ಲಾಂಪ್ ಹಿಡಿಯಲು ಜಾಗ ಸಾಲದಿದ್ದರೆ ಪೋಸ್ಟನ್ನು ಮೇಲೆಳೆದು ಬಿಗಿ ಮಾಡಿ. ಪೋಸ್ಟ್ ಮೇಲೆ ಒಂದು ಗೆರೆ ಅಚ್ಚು ಹಾಕಿರುತ್ತಾರೆ, ಇದಕ್ಕಿಂತ ಮೇಲೆ ಎಳೆಯಬೇಡಿ ಅಂತ. ಆ ಗೆರೆ ಹೊರಗೆ ಕಾಣಬಾರದು. ಪೋಸ್ಟು, ಕ್ಲಾಂಪಿನ ರಬ್ಬರ್ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಗೀರು ಬೀಳುವುದು ರಬ್ಬರಿನಿಂದ ಅಲ್ಲ, ನಡುವೆ ಸಿಕ್ಕಿಕೊಂಡ ಮರಳಿನ ಕಣದಿಂದ. ಕೆಲಸ ಮುಗಿದ ಮೇಲೆ ಟೇಪ್ ಇದ್ದ ಮಟ್ಟಕ್ಕೆ ಸೀಟ್ ಇಳಿಸಿದರಾಯಿತು. ಪೋಸ್ಟ್ ಕಾರ್ಬನ್‌ನದ್ದಾದರೆ ಅಲ್ಲಿಗೂ ಬಿಗಿಯಬೇಡಿ. ಅದನ್ನು ತೆಗೆದು ಅದೇ ಅಳತೆಯ ಹಳೇ ಅಲ್ಯೂಮಿನಿಯಂ ಪೋಸ್ಟ್ ಹಾಕಿಕೊಂಡು ಕೆಲಸ ಮಾಡಿ. ಅಳತೆ ಪೋಸ್ಟಿನ ಮೇಲೇ ಇರುತ್ತದೆ, 27.2, 30.9, 31.6 ಹೀಗೆ ಮಿಲಿಮೀಟರಿನಲ್ಲಿ.

ಸ್ಟ್ಯಾಂಡ್ ನಿಲ್ಲಿಸುವಾಗ ಒಂದು ಕಾಲು ಸೈಕಲ್ ತೂಗುವ ಕಡೆಗೇ ಚಾಚಿರಲಿ. ಭಾರ ಎರಡು ಕಾಲಿನ ನಡುವಿನ ಖಾಲಿ ಜಾಗಕ್ಕೆ ಬಂದರೆ ವಾಲುತ್ತದೆ. ಬಾಲ್ಕನಿಗಳಲ್ಲಿ ನೀರು ಹೋಗಲಿ ಅಂತ ನೆಲ ಇಳಿಜಾರು ಮಾಡಿರುತ್ತಾರೆ, ಅದನ್ನೂ ನೋಡಿಕೊಳ್ಳಿ. ಸೈಕಲ್ ಎತ್ತುವಾಗ ಚೈನ್ ಇಲ್ಲದ ಎಡಗಡೆ ನಿಂತು, ಮೇಲಿನ ಪೈಪ್ ಹಿಡಿದು, ಮಂಡಿ ಬಗ್ಗಿಸಿ ಎತ್ತಿ. ಸೀಟನ್ನು ಹೆಗಲಿಗೆ ಆನಿಸಿಕೊಂಡರೆ ಒಂದು ಕೈ ಕ್ಲಾಂಪ್ ಮುಚ್ಚಲು ಖಾಲಿ ಸಿಗುತ್ತದೆ. ಆಗ ಗೇರ್ ನಿಮ್ಮ ಆಚೆ ಬದಿಗೆ ಇರುತ್ತದೆ, ಸುತ್ತಿ ಬಂದು ಕೆಲಸ ಮಾಡಿ. ಸೈಕಲ್ ತನ್ನಷ್ಟಕ್ಕೆ ತಿರುಗದಿದ್ದರೆ ಬಿಗಿ ಸಾಕು. ಕೈ ಬಿಡುವಾಗ ನಿಧಾನಕ್ಕೆ ಬಿಡಿ. ಮುಂದಿನ ಚಕ್ರ ಗರಕ್ಕನೆ ತಿರುಗಿ ಹ್ಯಾಂಡಲ್ ನಿಮ್ಮ ಮುಖಕ್ಕೋ ಕಂಬಕ್ಕೋ ಬಡಿಯುತ್ತದೆ. ಒಂದು ಹಳೇ ಬೆಲ್ಟೋ ಬಟ್ಟೆ ಪಟ್ಟಿಯೋ ತಗೊಂಡು ಚಕ್ರವನ್ನು ಕೆಳಗಿನ ಪೈಪಿಗೆ ಕಟ್ಟಿಬಿಡಿ. ಇನ್ನೊಂದು: ಚಕ್ರ ಬಿಚ್ಚಿದ ಕೂಡಲೇ ತೂಕ ಒಂದು ಕಡೆಗೆ ಜಗ್ಗುತ್ತದೆ. ಬಿಚ್ಚುವ ಮುಂಚೆ ಫ್ರೇಮಿಗೆ ಕೈ ಕೊಟ್ಟಿರಿ.

ಇಷ್ಟಾದ ಮೇಲೆ ನಿಮ್ಮ ಟಕಟಕ ನೋಡೋಣ. ಇದಕ್ಕೇ ಸ್ಟ್ಯಾಂಡ್ ಬೇಕಾಗಿದ್ದು.

ತಿರುಪಿಗೆ ಕೈ ಹಾಕುವ ಮುಂಚೆ ಹಿಂದೆ ಹೋಗಿ ಕೂತು ಸುಮ್ನೆ ನೋಡಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ನಲ್ಲಿ ಎರಡು ಪುಟ್ಟ ಚಕ್ರ ಇವೆ. ಅವೆರಡೂ ಚೈನ್ ಕೂತಿರುವ ಹಲ್ಲುಚಕ್ರದ ಕೆಳಗೆ ಒಂದೇ ನೇರಕ್ಕೆ ಇರಬೇಕು. ಕೆಳಗಿನದು ಒಳಗೆ ವಾಲಿದ್ದರೆ ಡಿರೇಲರ್ ನೇತುಹಾಕಿರುವ ಹ್ಯಾಂಗರ್ ಬಗ್ಗಿದೆ ಅಂತ ಲೆಕ್ಕ. ಸೈಕಲ್ ಬಲಕ್ಕೆ ಬಿದ್ದರೆ ಆಗುವುದೇ ಇದು. ಆಗ ಯಾವ ತಿರುಪು ತಿರುಗಿಸಿದರೂ ಗೇರ್ ಸರಿಯಾಗುವುದಿಲ್ಲ. ಅಳತೆ ನೋಡಿ ನೇರ ಮಾಡುವ ಟೂಲ್ ಶಾಪ್‌ನಲ್ಲಿ ಇರುತ್ತದೆ, ಅಲ್ಲಿಗೆ ಕೊಡಿ.

ನೇರ ಇದೆಯಾ? ಹಾಗಾದರೆ ಬಲಗೈಯಲ್ಲಿ ಪೆಡಲನ್ನು ನಿಧಾನಕ್ಕೆ ಮುಂದೆ ತಿರುಗಿಸುತ್ತಾ ಇರಿ. ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಈಗ ಒಂದೇ ಒಂದು ಕ್ಲಿಕ್ ಮೇಲೆ ಹಾಕಿ. ಚೈನ್ ಪಕ್ಕದಲ್ಲೇ ಇರುವ, ಅದಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ತಕ್ಷಣ ಹತ್ತಬೇಕು. ಹತ್ತಲು ಮೀನಮೇಷ ಎಣಿಸಿದರೆ ಕೇಬಲ್ ಲೂಸಾಗಿದೆ. ಕೇಬಲ್ ಒಳಹೋಗುವ ಕಡೆ ಕೈಯಲ್ಲೇ ತಿರುಗಿಸುವ ಗುಂಡಿಯಂಥ ತಿರುಪು ಇದೆ, ಬ್ಯಾರಲ್ ಅಡ್ಜಸ್ಟರ್ ಅಂತ. ಅದನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ಹಾಗೇ. ಕಾಲು ಸುತ್ತು ತಿರುಗಿಸಿ, ಮತ್ತೆ ಕ್ಲಿಕ್ ಮಾಡಿ ನೋಡಿ. ಹತ್ತುವುದು ಸರಿಯಾಗಿದ್ದು ಇಳಿಯುವುದಕ್ಕೆ ತಡ ಮಾಡಿದರೆ ಕಾಲು ಸುತ್ತು ವಾಪಸ್. ಚೈನ್ ಸದ್ದು ನಿಂತು ಬರೀ ಸರ್ ಅನ್ನುವ ಒಂದು ಜಾಗ ಸಿಗುತ್ತದೆ. ಎಚ್, ಎಲ್ ಅಂತ ಬರೆದ ಎರಡು ತಿರುಪುಗಳನ್ನು ಇವತ್ತು ಮುಟ್ಟಬೇಡಿ. ಅವು ಚೈನ್ ಎರಡು ತುದಿಗಳಾಚೆ ಬೀಳದ ಹಾಗೆ ಕಾಯುವ ಗಡಿಗಳು. ಎಲ್ ತಿರುಪು ಕೆಟ್ಟರೆ ಚೈನ್ ಕಡ್ಡಿಗಳೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಸ್ಟ್ಯಾಂಡ್ ಮೇಲೆ ಎಲ್ಲ ಚೆನ್ನಾಗಿದ್ದು, ಬೆಟ್ಟ ಹತ್ತುವಾಗ ಮಾತ್ರ ಚೈನ್ ಜಾರಿದರೆ? ಸ್ಟ್ಯಾಂಡ್ ಮೇಲೆ ನಿಮ್ಮ ಕಾಲಿನ ಭಾರ ಇಲ್ಲ, ಅದನ್ನು ಮರೆಯಬಾರದು. ಆಗ ಚೈನ್ ಸವೆದಿದೆಯಾ ನೋಡಿ. ಮಗಳ ಶಾಲೆಯ ಸ್ಕೇಲ್ ಸಾಕು, ಇಂಚಿನ ಗುರುತು 12ರ ತನಕ ಇರಲಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು, ಅಲ್ಲಿಂದ 24ನೇ ಪಿನ್ನಿನ ನಡು ಎಲ್ಲಿ ಬರುತ್ತದೆ ನೋಡಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. ಒಂದು ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಆಗಿದ್ದರೆ ಚೈನ್ ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗ ದಾಟಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುವ ಸಾಧ್ಯತೆ ಜಾಸ್ತಿ. ಹೊಸ ಚೈನ್ ಒಂದನ್ನೇ ಹಾಕಿದರೆ ಅದು ಹಳೇ ಹಲ್ಲಿನ ಮೇಲೆ ಜಾರುತ್ತದೆ.

ಚೈನ್ ತೊಳೆಯುವಾಗ ಕೆಳಗೆ ಹಳೇ ಪೇಪರ್ ಹಾಸಿ, ಡಿಸ್ಕಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಡಿಸ್ಕಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ತೊಳೆದು ಪೂರ್ತಿ ಒಣಗಿದ ಮೇಲೆ ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ, ಆಮೇಲೆ ಹೊರಗಿನದೆಲ್ಲ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುವುದಕ್ಕೆ ಬಿಟ್ಟರೆ ಯಾವುದಕ್ಕೂ ಇಲ್ಲ.

ಸ್ಟ್ಯಾಂಡ್ ಮೇಲೆ ಮಾಡಬಾರದ ಕೆಲಸ ಒಂದಿದೆ: ಬಲ ಹಾಕಿ ಬಿಚ್ಚುವುದು. ಪೆಡಲ್, ಕ್ರ್ಯಾಂಕ್ (ಪೆಡಲ್ ಹೊತ್ತ ತೋಳು), ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ) ಇವೆಲ್ಲ ತುಕ್ಕು ಹಿಡಿದು ಕೂತಿದ್ದರೆ ಮೈಭಾರ ಹಾಕಬೇಕಾಗುತ್ತದೆ. ಆಗ ಪೋಸ್ಟ್ ತಿರುಚುತ್ತದೆ, ಇಲ್ಲವೇ ಸ್ಟ್ಯಾಂಡೇ ಮಗುಚುತ್ತದೆ. ಸೈಕಲ್ಲನ್ನು ನೆಲಕ್ಕೆ ಇಳಿಸಿ ಮಾಡಿ. ಎಡ ಪೆಡಲ್‌ನ ತಿರುಪಿನ ಸುತ್ತು ಉಲ್ಟಾ ಅನ್ನುವುದು ನೆನಪಿರಲಿ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಪೆಡಲ್ ಬಿಚ್ಚಿಕೊಳ್ಳುತ್ತವೆ.

ಮಗಳು ಪಕ್ಕದಲ್ಲಿ ನಿಂತು ನೋಡಲಿ, ಪೆಡಲ್ ತಿರುಗಿಸಲಿ. ಆದರೆ ಒಂದು ವಿಷಯ ಖಡಾಖಂಡಿತವಾಗಿ ಹೇಳಿ. ತಿರುಗುವ ಡಿಸ್ಕಿನ ಹತ್ತಿರ, ಚೈನಿನ ಹತ್ತಿರ ಬೆರಳು ಹೋಗಬಾರದು. ಡಿಸ್ಕಿನಲ್ಲಿ ತೂತುಗಳಿವೆ, ತಿರುಗುವಾಗ ಅವು ಕಣ್ಣಿಗೆ ಕಾಣುವುದಿಲ್ಲ. ಬೆರಳು ಸಿಕ್ಕಿದರೆ ಕತ್ತರಿಸಿ ಹೋಗುತ್ತದೆ. ಜಡೆ, ದುಪಟ್ಟಾ ಎರಡನ್ನೂ ಹಿಂದೆ ಕಟ್ಟಿರಲಿ.

ಸ್ಟ್ಯಾಂಡ್ ತರುವ ತನಕ ಏನು ಮಾಡುವುದು? ಮೈಸೂರಿನ ಹಳೇ ಮನೆಯಾದರೆ ಹಾಲ್‌ನ ತಾರಸಿಯಲ್ಲಿ ಜೋಕಾಲಿಯ ಕೊಕ್ಕೆ ಇದ್ದರೂ ಇರಬಹುದು. ಜನ ಕೂತು ತೂಗಿದ ಕೊಕ್ಕೆ ಅದು. ತುಕ್ಕು ತಿಂದಿಲ್ಲ, ಸುತ್ತ ಗಾರೆ ಬಿರುಕು ಬಿಟ್ಟಿಲ್ಲ ಅಂದರೆ ಸೈಕಲ್ ಅದಕ್ಕೆ ಲೆಕ್ಕಕ್ಕಿಲ್ಲ. ಎರಡು ಹಗ್ಗ ಇಳಿಬಿಟ್ಟು, ಒಂದನ್ನು ಸೀಟಿನ ಕೆಳಗೆ, ಇನ್ನೊಂದನ್ನು ಹ್ಯಾಂಡಲ್‌ನ ಕತ್ತಿಗೆ ಕಟ್ಟಿ. ಸೈಕಲ್ ತೂಗಾಡುತ್ತದೆ, ಅದಕ್ಕೆ ಮುಂದಿನ ಚಕ್ರವನ್ನು ಕಿಟಕಿಯ ಸರಳಿಗೆ ಬಿಗಿಯಿರಿ. ಚೈನ್, ಗೇರ್ ಕೆಲಸಕ್ಕೆ ಇಷ್ಟು ಸಾಕು. ಫ್ಯಾನಿನ ಕೊಕ್ಕೆಗೆ ಮಾತ್ರ ಕಟ್ಟಬೇಡಿ.

ಉಳಿದದ್ದು ಅಪ್ಪನ ಸೈಕಲ್. ಅದನ್ನು ಎತ್ತುವುದೇ ಕಷ್ಟ, ಕ್ಯಾರಿಯರ್, ಚೈನ್ ಕವರ್ ಎಲ್ಲ ಸೇರಿ 20 ಕಿಲೋ ಆಸುಪಾಸು ಇರುತ್ತದೆ. ಸೀಟಿನ ಸ್ಪ್ರಿಂಗ್ ಕೆಳಗೆ ಕ್ಲಾಂಪ್ ಹಿಡಿಯುವಷ್ಟು ಪೋಸ್ಟೂ ಹೊರಗೆ ಇರುವುದಿಲ್ಲ. ಆದರೆ ಆ ಸೈಕಲ್ ಮಾಡಿದವರು ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಡಬಲ್ ಸ್ಟ್ಯಾಂಡನ್ನು ಅದಕ್ಕೇ ಸೇರಿಸಿ ಕೊಟ್ಟಿದ್ದಾರೆ. ಸಮ ನೆಲದಲ್ಲಿ ಅದನ್ನು ಹಾಕಿ ಪೆಡಲ್ ತಿರುಗಿಸಿ, ಹಿಂದಿನ ಚಕ್ರ ಆರಾಮಾಗಿ ಸುತ್ತುತ್ತದೆ. ಚೈನ್ ಬಿಗಿ ನೋಡಬಹುದು, ನಡುವೆ ಬೆರಳಿಂದ ಒತ್ತಿದರೆ ಅರ್ಧ ಇಂಚು ಆಡಬೇಕು. ಚಕ್ರ ಔಟ್ ಆಗಿದೆಯಾ ಅಂತ ಬ್ರೇಕ್ ಕಟ್ಟೆಯ ಪಕ್ಕ ಕಣ್ಣಿಟ್ಟು ನೋಡಬಹುದು. ಮುಂದಿನ ಚಕ್ರದ ಕೆಲಸ ಇದ್ದರೆ ಹ್ಯಾಂಡಲನ್ನು ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಎತ್ತಿ. ಫ್ರೀವೀಲ್ ಕರಕರ ಅಂದರೆ ಗೋಣಿಚೀಲ ಹಾಸಿ, ಚೈನ್ ಇರುವ ಬದಿ ಮೇಲೆ ಬರುವ ಹಾಗೆ ಸೈಕಲ್ ಮಲಗಿಸಿ. ಫ್ರೀವೀಲ್‌ನ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅಲ್ಲಿಗೆ ನಾಲ್ಕೈದು ಹನಿ ತೆಳು ಎಣ್ಣೆ ಬಿಟ್ಟು, ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಸ್ವಲ್ಪ ಹೊತ್ತಿಗೆ ಕರಕರ ಹೋಗಿ ಟಿಕ್ ಟಿಕ್ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ.